ಕಲ್ಯಾಣದ ದಾರಿ ತೋರಿಸುವವರು ಯಾರು?

ಹರಳಯ್ಯನ ಗವಿಯ ಮುಂದೆ ನಿಂತು ನಮ್ಮ ಗೈಡು ಚಪ್ಪಲಿಯ ಕತೆಯನ್ನು ಅರ್ಧ ತಾಸು ಹೇಳಿದ. ಮದುವೆಯ ಕತೆಯನ್ನು ಎರಡು ನಿಮಿಷದಲ್ಲಿ ಮುಗಿಸಿದ. ಆಮೇಲೆ ಗಡಿಯಾರ ನೋಡಿಕೊಂಡು, "ನಡೀರಿ, ಮೂರ್ತಿ ಕಡೆ ಹೋಗೋಣು, ಬಿಸಲು ಏರಲಿಕತ್ತದ" ಅಂದ.

ಕೊಹಿನೂರದಿಂದ ಎರಡು ಕ್ರೂಸರ್ ಮಾಡಿಕೊಂಡು ಬಂದಿದ್ದೆವು. ಸುತ್ತಲಿನ ಊರುಗಳ ಇಪ್ಪತ್ತೆರಡು ಹುಡುಗ ಹುಡುಗಿಯರು, ಅವರಿಗೆ ಚರಿತ್ರೆ ಪಾಠ ಹೇಳುವ ನಾನು. ಅವರಲ್ಲಿ ಎಲ್ಲರೂ ಬಸವಕಲ್ಯಾಣಕ್ಕೆ ಹತ್ತಾರು ಸಲ ಬಂದವರೇ. ಸಂತೆಗೆ, ದವಾಖಾನೆಗೆ, ತಹಸೀಲಿಗೆ, ಬಸ್ಸು ಬದಲಿಸಲಿಕ್ಕೆ. ನೋಡಲಿಕ್ಕೆ ಅಂತಲೇ ಬಂದದ್ದು ಮಾತ್ರ ಅದೇ ಮೊದಲು. ಗೈಡು ಒಳ್ಳೆಯ ಮನುಷ್ಯ, ದುಡ್ಡಿಗೆ ಜಗ್ಗಾಡಲಿಲ್ಲ. ಕೋಟೆ, ಅನುಭವ ಮಂಟಪ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಮಡಿವಾಳ ಮಾಚಿದೇವರ ಹೊಂಡ, ತ್ರಿಪುರಾಂತ ಕೆರೆ, ಕೊನೆಗೆ 2012ರಲ್ಲಿ ನಿಂತ 108 ಅಡಿಯ ಬಸವಣ್ಣನ ಮೂರ್ತಿ. ಮರುದಿನ ಹುಮನಾಬಾದ ಕಡೆಗೆ: ಜಲಸಂಗಿಯ ಗುಡಿ, ಮೋಳಿಗೆ ಮಾರಯ್ಯನ ಮೋಳಕೇರಾ, ಮಾಣಿಕಪ್ರಭುಗಳ ಮಾಣಿಕನಗರ. ಎಲ್ಲರೂ ಹಿಡಿಯುವ ದಾರಿ ಇದೇ.

ಗವಿಯಿಂದ ಇಳಿಯುವಾಗ ಒಬ್ಬ ಹುಡುಗಿ ಹಿಂದೆ ಉಳಿದು ಕೇಳಿದಳು: "ಸರ್, ಆ ಹುಡುಗಿಗಿ ಏನಾಯ್ತರಿ?"

"ಯಾವ ಹುಡುಗಿ?"

"ಮಧುವರಸನ ಮಗಳು. ಅಕಿ ಅಪ್ಪಗ ಆನಿ ಕಾಲಿಗಿ ಕಟ್ಟಿ ಎಳದರು. ಮಾವಗೂ ಎಳದರು. ಅಕಿಗಿ?"

ನಾನು ಗೈಡಿನ ಮುಖ ನೋಡಿದೆ, ಗೈಡು ನನ್ನ ಮುಖ ನೋಡಿದ. ಚರಿತ್ರೆಯಲ್ಲಿ ಎಂ.ಎ. ಮಾಡಿ ಬಂದವನು ನಾನು. ಕಲ್ಯಾಣ ಚಾಲುಕ್ಯರ ವಂಶಾವಳಿಯನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆ ಹುಡುಗಿಯ ಪ್ರಶ್ನೆಯನ್ನು ಮಾತ್ರ ಅಲ್ಲಿಯತನಕ ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಈ ಲೇಖನ ಆ ನಾಚಿಕೆಯಿಂದ ಬಂದದ್ದು.

*

ಹರಳಯ್ಯನ ಬಗ್ಗೆ ನಮ್ಮ ಕಡೆ ಎರಡು ಕತೆಗಳಿವೆ. ಮೊದಲನೆಯದು ಚಪ್ಪಲಿಯದು. ಸಮಗಾರ ಹರಳಯ್ಯ ಬೀದಿಯಲ್ಲಿ ಬಸವಣ್ಣನಿಗೆ 'ಶರಣು' ಅಂದ, ಬಸವಣ್ಣ 'ಶರಣು ಶರಣಾರ್ಥಿ' ಅಂದ. ಒಂದಕ್ಕೆ ಎರಡು ಬಂತು. ಆ ಹೆಚ್ಚಿನ ಒಂದು ಶರಣಿನ ಸಾಲ ತೀರಿಸಲಿಕ್ಕೆ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ತೊಗಲು ಸುಲಿದು ಹದ ಮಾಡಿ ಚಮ್ಮಾವುಗೆ ಹೊಲಿದರು. ಬಸವಣ್ಣ ಮೆಡಲಿಲ್ಲ, ತಲೆಯ ಮೇಲೆ ಹೊತ್ತ. ಎರಡನೆಯದು ಮದುವೆಯದು. ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿದರು. ಬಿಜ್ಜಳ ಬೀಗರಿಬ್ಬರನ್ನೂ ಎಳೆಹೂಟೆ ಶಿಕ್ಷೆಗೆ ಕೊಟ್ಟ. ಕಲ್ಯಾಣ ಹೊತ್ತಿ ಉರಿಯಿತು.

ಮೊದಲನೆಯ ಕತೆ ಎಲ್ಲರಿಗೂ ಇಷ್ಟ. ಕ್ಯಾಲೆಂಡರಿಗೆ ಬರುತ್ತದೆ, ಜಾತ್ರೆಯ ಸ್ತಬ್ಧಚಿತ್ರಕ್ಕೆ ಬರುತ್ತದೆ, ಭಾಷಣಕ್ಕೆ ಬರುತ್ತದೆ. ಎರಡನೆಯದು ಬಂದ ಕೂಡಲೇ ಮಾತು ಸಣ್ಣದಾಗುತ್ತದೆ. ಯಾಕೆ? ಚಪ್ಪಲಿಯ ಕತೆಯಲ್ಲಿ ಕೆಳಜಾತಿಯ ಮನುಷ್ಯ ಕೊಡುತ್ತಾನೆ; ತನ್ನ ಮೈಯನ್ನೇ ಕೊಡುತ್ತಾನೆ. ಅದನ್ನು ಕೇಳಿ ಕಣ್ಣೀರು ಹಾಕಬಹುದು, ಕೈಮುಗಿಯಬಹುದು, ಮನೆಗೆ ಹೋಗಿ ಊಟ ಮಾಡಬಹುದು. ಮದುವೆಯ ಕತೆಯಲ್ಲಿ ಅವನ ಮಗ ಹೆಣ್ಣು ತರುತ್ತಾನೆ. ಒಂದು ನಮಸ್ಕಾರದ ಬೆಲೆ ತೊಡೆಯ ತೊಗಲು ಆಗುವ ಸಮಾಜದಲ್ಲಿ ಒಂದು ಮದುವೆಯ ಬೆಲೆ ಏನಾದೀತು ಅನ್ನುವುದನ್ನು ಎರಡೂ ಕತೆ ಕೂಡಿಸಿ ಓದಿದರೆ ಮಾತ್ರ ಗೊತ್ತಾಗುತ್ತದೆ. ಗೈಡು ಅವನ್ನು ಬಿಡಿಸಿ ಹೇಳುತ್ತಾನೆ. ಗೈಡಿನ ತಪ್ಪಲ್ಲ ಅದು. ನಮ್ಮ ಪಠ್ಯಪುಸ್ತಕವೂ ಬಿಡಿಸಿಯೇ ಹೇಳುತ್ತದೆ.

ಹಾಗಂತ ಚಪ್ಪಲಿಯ ಕತೆಯನ್ನು ಪುರೋಹಿತಶಾಹಿಯ ಹುನ್ನಾರ ಅಂತ ಒದ್ದು ತಳ್ಳುವ ಪೈಕಿ ನಾನಲ್ಲ. ಸಮಗಾರರ ಮನೆಗಳಲ್ಲಿ ಆ ಕತೆ ಹೇಳುವ ಧಾಟಿಯೇ ಬೇರೆ. ಅಲ್ಲಿ ಅದು ಇನ್ನೂ ಮುಂದಕ್ಕೆ ಹೋಗುತ್ತದೆ. ಆ ಚಮ್ಮಾವುಗೆಯನ್ನು ಮಧುವರಸ ದರ್ಪದಿಂದ ಮೆಟ್ಟಿದ, ಮೈಯೆಲ್ಲ ಉರಿ ಎದ್ದಿತು, ಯಾವ ವೈದ್ಯಕ್ಕೂ ಆರಲಿಲ್ಲ. ಕೊನೆಗೆ ಆರಿದ್ದು ಹರಳಯ್ಯನ ಮನೆಯ ತೊಗಲು ನೆನೆಸಿದ ನೀರಿನಿಂದ. ಯಾವ ನೀರಿನ ವಾಸನೆಗೆ ಊರು ಮೂಗು ಮುಚ್ಚುತ್ತದೋ ಆ ನೀರು! ಅಲ್ಲಿಂದಲೇ ಮಧುವರಸ ಶರಣನಾದದ್ದು, ಅಲ್ಲಿಂದಲೇ ಬೀಗತನ. ಎರಡು ಕತೆಗಳ ನಡುವಿನ ಕೊಂಡಿ ಇದು. ಗವಿಯ ಮುಂದೆ ಈ ಕೊಂಡಿ ಮಾಯವಾಗಿತ್ತು.

*

ಇನ್ನು ಆಧಾರದ ಪ್ರಶ್ನೆ. ಇದನ್ನು ನಾವು ಮುಚ್ಚಿಡಬಾರದು, ನಮ್ಮ ವಿರೋಧಿಗಳು ಎತ್ತುವುದಕ್ಕಿಂತ ಮೊದಲು ನಾವೇ ಎತ್ತಬೇಕು. ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಈ ಮದುವೆಯ ಸುದ್ದಿ ಇಲ್ಲ. ಬಸವಣ್ಣನ ಹೆಸರು ಹೇಳುವ ಪ್ರಸಿದ್ಧ ಅರ್ಜುನವಾಡ ಶಾಸನವೇ 1260ರದು, ಅಂದರೆ ಕಲ್ಯಾಣದ ಗಲಭೆಯಾಗಿ ತೊಂಬತ್ತಕ್ಕೂ ಹೆಚ್ಚು ವರ್ಷದ ಮೇಲಿನದು. ತೆಲುಗಿನ ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲಿ ಇಬ್ಬರು ಭಕ್ತರ ಕಣ್ಣು ಕೀಳಿಸಿದ ಸುದ್ದಿ ಬರುತ್ತದೆ, ಹೆಸರುಗಳೂ ಹರಳಯ್ಯ ಮಧುವಯ್ಯರಿಗೆ ಹತ್ತಿರದವೇ. ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದದ್ದು ಆ ಪುರಾಣವನ್ನೇ. ಅಲ್ಲಿ ಮದುವೆಯ ಮಾತಿಲ್ಲ. ಮದುವೆ ಮೈದುಂಬಿ ಬರುವುದು ಸಿಂಗಿರಾಜ ಪುರಾಣದಂಥ ಆಮೇಲಿನ ಕೃತಿಗಳಲ್ಲಿ, ಘಟನೆಯಾಗಿ ಮುನ್ನೂರು ವರ್ಷ ಕಳೆದ ಮೇಲೆ.

ಇಷ್ಟು ಸಿಕ್ಕರೆ ಸಾಕು, ಕೆಲವು ಪಂಡಿತರು ಕನ್ನಡಕ ಒರೆಸಿಕೊಂಡು 'ಪ್ರಕ್ಷಿಪ್ತ' ಅಂದುಬಿಡುತ್ತಾರೆ. 2013ರಲ್ಲಿ ಪತ್ರಿಕೆಗಳಲ್ಲಿ ವಚನಗಳಿಗೂ ಜಾತಿವಿರೋಧಕ್ಕೂ ಏನು ಸಂಬಂಧ ಅನ್ನುವ ದೊಡ್ಡ ವಾಗ್ವಾದ ನಡೆದಾಗ ಇಂಥ ಧ್ವನಿಗಳೇ ಜೋರಾಗಿದ್ದವು. ನನ್ನ ಪ್ರಶ್ನೆ ಬೇರೆ. ಒಂದು ವೇಳೆ ಮದುವೆಯನ್ನು ಆಮೇಲಿನವರು ಸೇರಿಸಿದರು ಅಂತಲೇ ಇಟ್ಟುಕೊಳ್ಳೋಣ. ಇಬ್ಬರು ಭಕ್ತರಿಗೆ ಘೋರ ಶಿಕ್ಷೆಯಾಯಿತು ಅನ್ನುವ ನೆನಪು ಜನರ ಹತ್ತಿರ ಇತ್ತು. ಯಾಕಾಯಿತು ಅಂತ ಮಕ್ಕಳು ಕೇಳಿರಬೇಕು. ಹೇಳುವವರಿಗೆ ನೂರು ಕಾರಣ ಸಿಗುತ್ತಿತ್ತು: ಭಂಡಾರದ ದುಡ್ಡು, ರಾಜದ್ರೋಹ, ಜೈನ-ಶೈವ ಜಗಳ. ಅವರು ಆರಿಸಿಕೊಂಡದ್ದು ಒಬ್ಬ ಸಮಗಾರನ ಮಗ ಮತ್ತು ಒಬ್ಬ ಬ್ರಾಹ್ಮಣನ ಮಗಳ ಮದುವೆಯನ್ನು. ಈ ನೆಲದಲ್ಲಿ ಮನುಷ್ಯರನ್ನು ಯಾವುದಕ್ಕೆ ಕೊಲ್ಲುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಶಾಸನ ಕೆತ್ತಿಸುವ ಹೊನ್ನು ಇಲ್ಲದವರು ಚರಿತ್ರೆಯನ್ನು ಹೀಗೆ ಬರೆದರು. ಇದನ್ನು ಸುಳ್ಳು ಅನ್ನುವ ಮೊದಲು, ದಾನ ಕೊಟ್ಟವನನ್ನು ಸೂರ್ಯಚಂದ್ರರಿಗೆ ಹೋಲಿಸುವ ದಾನಶಾಸನಗಳನ್ನು ನಾವು ಯಾವ ಧೈರ್ಯದಿಂದ ನಿಜ ಅನ್ನುತ್ತೇವೆ ಅಂತಲೂ ಕೇಳಿಕೊಳ್ಳಬೇಕು. ಮರುದಿನ ಜಲಸಂಗಿಯಲ್ಲಿ ಅದೇ ನೋಡಿದೆವು. ಗೋಡೆಯ ಮೇಲಿನ ಚೆಲುವೆಯೊಬ್ಬಳು ವಿಕ್ರಮಾದಿತ್ಯನ ಹೊಗಳಿಕೆಯನ್ನು ಕಲ್ಲಿನಲ್ಲಿ ಬರೆಯುತ್ತಾ ನಿಂತಿದ್ದಾಳೆ. ಅದ್ಭುತ ಶಿಲ್ಪ, ಎರಡು ಮಾತಿಲ್ಲ. ರಾಜನಿಗೆ ಬರೆದುಕೊಡುವ ಹೆಣ್ಣು ಕಲ್ಲಿನಲ್ಲಿ ಉಳಿದಳು. ಸಮಗಾರರ ಮನೆಗೆ ನಡೆದು ಬಂದ ಹೆಣ್ಣಿಗೆ ಒಂದು ಗಟ್ಟಿ ಹೆಸರೂ ಉಳಿಯಲಿಲ್ಲ. ಹೇಳಿಕೆಯಲ್ಲಿ ಲಾವಣ್ಯ, ಗಿರೀಶ ಕಾರ್ನಾಡರ 'ತಲೆದಂಡ'ದಲ್ಲಿ ಕಲಾವತಿ.

ಕನ್ನಡದ ನಾಟಕಕಾರರ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಚರಿತ್ರೆಕಾರರು ಹಿಂಜರಿದ ಜಾಗಕ್ಕೆ ಅವರು ನುಗ್ಗಿದರು. ಲಂಕೇಶರ 'ಸಂಕ್ರಾಂತಿ' 1971ರದು, ಶಿವಪ್ರಕಾಶರ 'ಮಹಾಚೈತ್ರ' 1986ರದು, 'ತಲೆದಂಡ' 1990ರದು. ಇವು ಕಲ್ಯಾಣವನ್ನು ಭಕ್ತಿಯ ಊರು ಮಾತ್ರ ಅಂತ ನೋಡಲಿಲ್ಲ, ಜಾತಿಯ ರಕ್ತ ಚೆಲ್ಲಿದ ಊರು ಅಂತಲೂ ನೋಡಿದವು. 'ಮಹಾಚೈತ್ರ' ಪಠ್ಯವಾದಾಗ ಎದ್ದ ಗದ್ದಲ ಈ ಪತ್ರಿಕೆಯ ಹಿರಿಯ ಓದುಗರಿಗೆ ನೆನಪಿರುತ್ತದೆ. ಆದರೆ ನಾಟಕ ನೋಡಿದವರು ಬೆಂಗಳೂರು, ಮೈಸೂರಿನವರು. ಕ್ರೂಸರ್ ಮಾಡಿಕೊಂಡು ಬಂದ ಕೊಹಿನೂರದ ಹುಡುಗರಿಗೆ ಸಿಗುವುದು ಗೈಡಿನ ಎರಡು ನಿಮಿಷ.

*

ಈಗ ಗೈಡು ತೋರಿಸದ ಒಂದು ಜಾಗಕ್ಕೆ ಹೋಗೋಣ. ಅದು ಕಟ್ಟಡವಲ್ಲ, ಒಂದು ಪುಸ್ತಕ.

ವಿಜ್ಞಾನೇಶ್ವರನ 'ಮಿತಾಕ್ಷರ' ಬರೆಯಲ್ಪಟ್ಟದ್ದು ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1076ರಿಂದ 1126ರ ನಡುವೆ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಪುಸ್ತಕದ ಕೊನೆಗೆ ವಿಜ್ಞಾನೇಶ್ವರ ಕಲ್ಯಾಣದಂಥ ಊರು ಇನ್ನೊಂದಿಲ್ಲ ಅಂತ ಹೊಗಳಿದ್ದಾನೆ. ನಮ್ಮ ಭಾಗದವರಿಗೆ ಇದು ದೊಡ್ಡ ಹೆಮ್ಮೆ. ಕಲಬುರಗಿ ಜಿಲ್ಲೆಯ ಮರತೂರಿನಲ್ಲಿ ಅವನ ಹೆಸರಿನ ಭವನ ಇದೆ. ಇಂಗ್ಲಿಷರ ಕಾಲದಲ್ಲಿ ಬಂಗಾಳದ ಕಡೆ ಬಿಟ್ಟು ಉಳಿದ ದೇಶದ ಹಿಂದೂ ಆಸ್ತಿ ಹಂಚಿಕೆಗೆಲ್ಲ ಕೋರ್ಟುಗಳು ಇದನ್ನೇ ನೋಡುತ್ತಿದ್ದವು. ಕೋಲ್‌ಬ್ರೂಕ್ ಅದರ ದಾಯಭಾಗವನ್ನು 1810ರಲ್ಲಿ ಇಂಗ್ಲಿಷಿಗೆ ತಂದ. ಇಷ್ಟನ್ನು ನಾನೂ ಕ್ಲಾಸಿನಲ್ಲಿ ಎದೆಯುಬ್ಬಿಸಿ ಹೇಳಿದ್ದೇನೆ.

ಆ ಸ್ಮೃತಿ ಮದುವೆಯ ಬಗ್ಗೆ ಏನು ಹೇಳುತ್ತದೆ ಅಂತ ಹೇಳಿರಲಿಲ್ಲ. ಆಚಾರಾಧ್ಯಾಯದಲ್ಲಿ ಶೂದ್ರ ಗಂಡಿಗೆ ಬ್ರಾಹ್ಮಣ ಹೆಣ್ಣಿನಲ್ಲಿ ಹುಟ್ಟಿದ ಮಗು ಚಾಂಡಾಲ, ಎಲ್ಲ ಧರ್ಮದಿಂದ ಹೊರಗಿನವನು ಅಂತ ಇದೆ. ವ್ಯವಹಾರಾಧ್ಯಾಯದಲ್ಲಿ ಪರಸ್ತ್ರೀ ಸಂಗದ ಶಿಕ್ಷೆಯನ್ನು ಜಾತಿಯ ತಕ್ಕಡಿಯಲ್ಲಿ ತೂಗಿ ಕೊಡಲಾಗಿದೆ. ಗಂಡು ಮೇಲಿನವನಾಗಿ ಹೆಣ್ಣು ಕೆಳಗಿನವಳಾದರೆ ದಂಡ ತೆತ್ತರೆ ಮುಗಿಯಿತು. ಗಂಡು ಕೆಳಗಿನವನಾಗಿ ಹೆಣ್ಣು ಮೇಲಿನವಳಾದರೆ ಗಂಡಿಗೆ ವಧೆ, ಹೆಣ್ಣಿಗೆ ಕಿವಿ ಮೊದಲಾದವನ್ನು ಕತ್ತರಿಸುವುದು. ಇದು ಹಾದರಕ್ಕೆ ಹೇಳಿದ ಶಿಕ್ಷೆ, ಮದುವೆಗೆ ಅಲ್ಲ, ನಿಜ. ಆದರೆ ಪ್ರತಿಲೋಮ ಮದುವೆಯನ್ನು ಮದುವೆಯೆಂದೇ ಒಪ್ಪದವರಿಗೆ ಎರಡರ ನಡುವೆ ಎಷ್ಟು ಅಂತರ ಕಂಡೀತು?

ವಿಕ್ರಮಾದಿತ್ಯ ಸತ್ತದ್ದು 1126ರಲ್ಲಿ. ಬಿಜ್ಜಳನ ಕೊಲೆ 1167-68ರ ಸುಮಾರು. ನಡುವೆ ನಾಲ್ಕು ದಶಕ. ಒಂದೇ ಊರು, ಒಂದೇ ಗದ್ದುಗೆ. ಕೂತವನು ಮಾತ್ರ ಚಾಲುಕ್ಯ ಹೋಗಿ ಕಳಚುರಿ ಬಂದಿದ್ದ. ಮಿತಾಕ್ಷರವನ್ನು ಮುಂದಿಟ್ಟುಕೊಂಡು ಬಿಜ್ಜಳ ತೀರ್ಪು ಕೊಟ್ಟ ಅಂತ ನಾನು ಹೇಳುತ್ತಿಲ್ಲ. ಯಾವ ಗಾಳಿಯಲ್ಲಿ ಆ ತೀರ್ಪು ಸಹಜ ಅನ್ನಿಸಿತೋ ಆ ಗಾಳಿಯ ಸಾಕ್ಷಿ ಈ ಪುಸ್ತಕ. ಎಲ್ಲವನ್ನೂ ಬಿಜ್ಜಳನೊಬ್ಬನ ತಲೆಗೆ ಕಟ್ಟಿದರೆ ಬಹಳ ಮಂದಿಗೆ ನಿರಾಳ. ಕೆಟ್ಟ ರಾಜ ಸತ್ತ, ಕತೆ ಮುಗಿಯಿತು. ಪುಸ್ತಕ ಸಾಯಲಿಲ್ಲವಲ್ಲ! ಬಸವಣ್ಣ ಸಂಗಮಕ್ಕೆ ಹೋದ, ಶರಣರು ಉಳವಿಯ ಕಡೆ ಚದುರಿದರು, ಢೋಹರ ಕಕ್ಕಯ್ಯ ಕಕ್ಕೇರಿಯಲ್ಲಿ ಬಿದ್ದ ಅನ್ನುತ್ತಾರೆ. ಪುಸ್ತಕ ಮಾತ್ರ ಏಳುನೂರು ವರ್ಷ ನಡೆದು ಇಂಗ್ಲಿಷರ ಕೋರ್ಟಿಗೆ ಬಂದು ಕೂತಿತು. ಪ್ರತಿಲೋಮ ಮದುವೆ ಅಸಿಂಧು ಅಂತ ಇಪ್ಪತ್ತನೆಯ ಶತಮಾನದಲ್ಲೂ ತೀರ್ಪು ಬಂದದ್ದುಂಟು. ಹಿಂದೂಗಳ ನಡುವೆ ಜಾತಿ ಮೀರಿದ ಮದುವೆ ಸಿಂಧು ಅಂತ ದೇಶದ ಕಾನೂನು ನೇರವಾಗಿ ಒಪ್ಪಿದ್ದು 1949ರಲ್ಲಿ. ಶೀಲವಂತನ ಮದುವೆ ಕಾನೂನಿನ ಕಣ್ಣಿಗೆ ಮದುವೆ ಅನ್ನಿಸಲಿಕ್ಕೆ ಏಳುನೂರ ಎಂಬತ್ತು ವರ್ಷ ಹಿಡಿಯಿತು.

ಬಾಬಾಸಾಹೇಬರು 1936ರಲ್ಲಿ ಲಾಹೋರಿಗಾಗಿ ಬರೆದ ಭಾಷಣದಲ್ಲಿ ಜಾತಿ ವಿನಾಶಕ್ಕೆ ಸಹಭೋಜನ ಸಾಲದು, ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಅಂದರು. ಕರೆದವರೇ ಹೆದರಿ ಸಭೆ ರದ್ದು ಮಾಡಿದರು. ಆಮೇಲೆ ಅವರು ಹಿಂದೂ ಕೋಡ್ ಬಿಲ್ಲಿನಲ್ಲಿ ಕೈ ಹಾಕಿದ್ದು ಎರಡಕ್ಕೂ: ಮದುವೆಗೆ ಜಾತಿಯ ಅಡ್ಡಿ ತೆಗೆಯುವುದಕ್ಕೆ, ಮತ್ತು ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಆಸ್ತಿಯ ಹಕ್ಕು ಕೊಡುವ ಮಿತಾಕ್ಷರದ ಪದ್ಧತಿಗೆ. ಬಿಲ್ಲು ಪಾಸಾಗದೆ 1951ರಲ್ಲಿ ಮಂತ್ರಿಗಿರಿ ಬಿಟ್ಟರು. ಕಲ್ಯಾಣದಲ್ಲಿ ಬರೆದ ಪುಸ್ತಕದ ಜೊತೆ ಕೊನೆಯ ದೊಡ್ಡ ಕುಸ್ತಿ ಹಿಡಿದವರು ಅಂಬೇಡ್ಕರ್. ಹರಳಯ್ಯನ ಗವಿಯಿಂದ ಮರತೂರಿನ ಭವನದ ತನಕ ಒಂದು ದಾರಿ ಇದೆ. ಆ ದಾರಿಯಲ್ಲಿ ಯಾವ ಪ್ರವಾಸವೂ ಹೋಗುವುದಿಲ್ಲ. ಮಿತಾಕ್ಷರ ಒಂದು ಹೆಮ್ಮೆ, ಹರಳಯ್ಯ ಇನ್ನೊಂದು ಹೆಮ್ಮೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೇವೆ.

*

ಇದೇ ಯೋಚನೆಯಲ್ಲಿದ್ದಾಗ ಅಮೆರಿಕದ ಮೂಲನಿವಾಸಿಗಳ ಸಂಗತಿಯೊಂದನ್ನು ಓದಿದೆ. ಅಲ್ಲಿನ ನೈಋತ್ಯ ಭಾಗದಲ್ಲಿ, ಕೊಲೊರಾಡೊದ ಮೆಸಾ ವರ್ಡೆಯಲ್ಲಿ, ಬೆಟ್ಟದ ಗವಿಗಳೊಳಗೆ ಕಲ್ಲಿನಿಂದ ಕಟ್ಟಿದ ಊರುಗಳಿವೆ. ಹದಿಮೂರನೆಯ ಶತಮಾನದ ಕೊನೆಗೆ, ನಮ್ಮ ಕಲ್ಯಾಣ ಚದುರಿ ನೂರು ವರ್ಷದ ಮೇಲೆ, ಬರಗಾಲದಂಥ ಕಾರಣಗಳಿಗೆ ಅಲ್ಲಿನ ಜನ ಊರು ಬಿಟ್ಟು ದಕ್ಷಿಣಕ್ಕೆ ಹೋದರು. 1888ರಲ್ಲಿ ದನ ಹುಡುಕುತ್ತ ಬಂದ ಬಿಳಿಯರು ಅವನ್ನು 'ಕಂಡುಹಿಡಿದರು'. 1891ರಲ್ಲಿ ಸ್ವೀಡನ್ನಿನ ನೋರ್ಡೆನ್‌ಶಿಯೋಲ್ಡ್ ಅನ್ನುವವನು ಅಗೆದು, ಹೆಣದ ಅವಶೇಷಗಳ ಸಮೇತ ಗಂಟು ಕಟ್ಟಿ ಯುರೋಪಿಗೆ ಒಯ್ದ. ಅವು ಫಿನ್ಲೆಂಡಿನ ಮ್ಯೂಸಿಯಮ್ಮು ಸೇರಿದವು. ಆ ಜನಕ್ಕೆ ಪಂಡಿತರು 'ಅನಸಾಜಿ' ಅಂತ ಹೆಸರಿಟ್ಟರು. ಅದು ನೆರೆಯ ನವಾಹೊ ಜನರ ಮಾತು. ಪರಕೀಯರ ಅಥವಾ ಶತ್ರುಗಳ ಪೂರ್ವಿಕರು ಅನ್ನುವ ಅರ್ಥದ್ದು. ಹೋಪಿ ಮತ್ತು ಇತರ ಪುಯೆಬ್ಲೊ ಜನ, "ಅವರು ಮಾಯವಾಗಿಲ್ಲ, ನಾವೇ ಅವರ ಮಕ್ಕಳು, ಇಲ್ಲೇ ಇದ್ದೇವೆ" ಅಂತ ಹೇಳುತ್ತಾ ಬಂದರು. ಈಗ ಪುಸ್ತಕಗಳಲ್ಲಿ 'ಪೂರ್ವಿಕ ಪುಯೆಬ್ಲೊ' ಅನ್ನುವ ಹೆಸರು ಬಂದಿದೆ. 2020ರಲ್ಲಿ ಫಿನ್ಲೆಂಡು ಇಪ್ಪತ್ತು ಜನರ ಅವಶೇಷಗಳನ್ನು ಹಿಂತಿರುಗಿಸಿತು, ಅವರವರೇ ಅವನ್ನು ಮೆಸಾ ವರ್ಡೆಯಲ್ಲಿ ಮಣ್ಣು ಮಾಡಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಲ್ಲ. ಆ ಗವಿಗಳಿಂದ ಹಿಡಿದು ಅರಿಜೋನಾದ ಹೋಪಿ ಊರುಗಳ ತನಕ ಈಗ ಪ್ರವಾಸಗಳು ನಡೆಯುತ್ತವೆ, ಮತ್ತು ಅಂಥ ಕೆಲವು ಪ್ರವಾಸಗಳಲ್ಲಿ ಜನರನ್ನು ಕರೆದೊಯ್ಯುವವರು ಹೋಪಿ, ಪುಯೆಬ್ಲೊ ಪಂಡಿತರೇ. ಬಿದ್ದ ಗೋಡೆ, ಮಡಕೆಯ ಚೂರು, ಬಂಡೆಯ ಮೇಲಿನ ಗೆರೆ, ಇವು ಹೋಪಿಗಳಿಗೆ ಹಾಳು ಅಲ್ಲ, ಹಿರಿಯರು ಬೇಕೆಂದೇ ಬಿಟ್ಟುಹೋದ ಹೆಜ್ಜೆಗುರುತುಗಳು. ತಮ್ಮ ಊರಿನೊಳಗೆ ಫೋಟೊ ತೆಗೆಯಬೇಡಿ, ಚಿತ್ರ ಬರೆಯಬೇಡಿ ಅಂತಲೂ ಹೇಳುತ್ತಾರೆ. ಏನು ಹೇಳಬೇಕು ಅನ್ನುವುದರ ಜೊತೆ ಏನು ಹೇಳಬಾರದು ಅನ್ನುವ ಅಧಿಕಾರವೂ ಅವರ ಕೈಯಲ್ಲಿದೆ.

ಹೋಲಿಕೆಯನ್ನು ಬಹಳ ದೂರ ಎಳೆಯಲಿಕ್ಕೆ ಆಗುವುದಿಲ್ಲ. ಹೋಪಿಗಳಿಗೆ, ಎಷ್ಟೇ ಕಡಿಮೆಯಾಗಲಿ, ತಮ್ಮದು ಅನ್ನುವ ನೆಲ ಉಳಿದಿದೆ, ತಮ್ಮದೇ ಆಡಳಿತ ಇದೆ. ನಮ್ಮ ಸಮಗಾರರಿಗೆ, ಢೋಹರರಿಗೆ ಕಲ್ಯಾಣದಲ್ಲಿ ಅಂಥದ್ದೇನಿದೆ? ಹರಳಯ್ಯನ ಗವಿ ಇದೆ, ತಾಲ್ಲೂಕಿನ ಬೇಲೂರಿನಲ್ಲಿ ಉರಿಲಿಂಗಪೆದ್ದಿಯ ಮಠ ಇದೆ. ಇವು ಸಣ್ಣವಲ್ಲ. ಆದರೆ ಊರಿನ ದೊಡ್ಡ ಮಾತುಕತೆ ಬೇರೆ ಕಡೆ ನಡೆಯುತ್ತದೆ. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು: ಏಳೂವರೆ ಎಕರೆ, 182 ಅಡಿ ಎತ್ತರ, ಅಮರಗಣಂಗಳ ಲೆಕ್ಕಕ್ಕೆ 770 ಕಂಬ. 2022ರಲ್ಲಿ ಪೀರಪಾಶಾ ಬಂಗಲೆಯೇ ಮೂಲ ಅನುಭವ ಮಂಟಪ ಹೌದೋ ಅಲ್ಲವೋ ಅಂತ ಊರು ಬಿಸಿಯೇರಿತು. ಮಂಟಪ ಎಲ್ಲಿತ್ತು ಅಂತ ಹುಡುಕುವವರು ಇಷ್ಟು ಮಂದಿ. ಹರಳಯ್ಯನ ಕೇರಿ ಎಲ್ಲಿತ್ತು ಅಂತ ಕೇಳಿದವರನ್ನು ನಾನು ನೋಡಿಲ್ಲ. ಭಾಲ್ಕಿಯ ಚನ್ನಬಸವ ಪಟ್ಟದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು, ಈಗಿರುವ ಅನುಭವ ಮಂಟಪವನ್ನು ಭಿಕ್ಷೆ ಬೇಡಿ ಕಟ್ಟಿದವರು. ಅವರ ಮೇಲಿನ ಗೌರವ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಬೇರೆಯವರನ್ನು ಕೇಳಿದ ಮೇಲೆ ನನ್ನನ್ನೂ ಕೇಳಿಕೊಳ್ಳಬೇಕಲ್ಲ. ನಾನು ಸಮಗಾರನಲ್ಲ, ಹೊಲಗೇರಿಯವನು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ ಇದ್ದಾನೆ, ಬಾಬಾಸಾಹೇಬರಿದ್ದಾರೆ. ಹರಳಯ್ಯ ಇಲ್ಲ. ನಮ್ಮ ಓಣಿಯ ಹುಡುಗರು ಗಾಡಿ ಮಾಡಿಕೊಂಡು ನಾಗಪುರಕ್ಕೆ ಹೋಗುತ್ತಾರೆ, ಅಶೋಕನ ಶಾಸನ ಸಿಕ್ಕ ಸನ್ನತಿಗೆ ಹೋಗುತ್ತಾರೆ. ಬಸವಕಲ್ಯಾಣ ಅಂದರೆ "ಅದು ಲಿಂಗಾಯತರದು ಬಿಡೋ" ಅನ್ನುತ್ತಾರೆ. ನಾನೂ ಹಾಗೇ ಅಂದವನು. ಕೊಂದದ್ದು ಯಾರನ್ನು ಅಂತ ಯೋಚಿಸದೆ ಊರನ್ನೇ ಬರೆದುಕೊಟ್ಟುಬಿಟ್ಟಿದ್ದೆವು. ಇನ್ನೂ ಒಂದು ಹೇಳಬೇಕು, ಹೇಳಲಿಕ್ಕೆ ನಾಲಿಗೆ ಏಳುವುದಿಲ್ಲ. ನಮ್ಮ ಕೇರಿಗೂ ಸಮಗಾರ ಓಣಿಗೂ ನಡುವೆ ಕೊಡುಕೊಳ್ಳುವುದು ಇಲ್ಲ. ನನ್ನ ತಂಗಿಗೆ ಆ ಓಣಿಯ ಒಬ್ಬ ಮಾಸ್ತರರ ಸಂಬಂಧ ಬಂದಾಗ ನಮ್ಮ ಮನೆಯಲ್ಲಿ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಸುಮ್ಮನಾದರು, ಅಷ್ಟೇ. ನಾನೂ ಸುಮ್ಮನಾದೆ. ಜಾತಿ ಮೀರಿದ ಮದುವೆಗೆ ಈಗ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. ದಲಿತರೊಳಗಿನ ಈ ಸುಮ್ಮನಿರುವಿಕೆಗೆ ಯಾವ ಯೋಜನೆಯಲ್ಲಿ ಮದ್ದಿದೆ?

*

ಎರಡು ತಿಂಗಳ ಮೇಲೆ ಇನ್ನೊಂದು ಸಲ ಹೋದೆವು. ಈ ಸಲ ಗೈಡನ್ನು ಹಿಡಿಯಲಿಲ್ಲ. ಚಪ್ಪಲಿ ಹೊಲಿದೇ ಮಕ್ಕಳನ್ನು ಸಾಕಿದ ಒಬ್ಬ ಮುತ್ಯಾನನ್ನು ಕಾಡಿ ಬೇಡಿ ಕರೆದುಕೊಂಡು ಹೋದೆ. "ನಾ ಏನ್ ಹೇಳ್ಬೇಕೋ ತಮ್ಮಾ, ನನಗ ಓದಾಕ ಬರ್ತದೇನು?" ಅನ್ನುತ್ತಲೇ ಕ್ರೂಸರ್ ಹತ್ತಿದ.

ಕೋಟೆಯಲ್ಲಿ ಮುತ್ಯಾ ಏನೂ ಮಾತಾಡಲಿಲ್ಲ. ಮೂರ್ತಿಯ ಹತ್ತಿರ ಕೈ ಮುಗಿದ. ಗವಿಯಲ್ಲಿ ಬಹಳ ಹೊತ್ತು ಕುಂತ. ಹೊರಗೆ ಬಂದವನು ಸುತ್ತಲಿನ ನೆಲ ನೋಡತೊಡಗಿದ. ನೀರು ಯಾವ ಕಡೆ ಹರಿದು ಹೋಗುತ್ತದೆ ಅಂತ ಕೇಳಿದ. ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಕೈ ಎತ್ತಿ ನೋಡಿದ. ಆಮೇಲೆ ನಮ್ಮ ಹುಡುಗರಿಗೆ ಒಂದು ಪಾಠ ಆಯಿತು, ನಾನು ಯಾವ ವಿಶ್ವವಿದ್ಯಾಲಯದಲ್ಲೂ ಕೇಳದ ಪಾಠ. ತೊಗಲು ಹದ ಮಾಡುವುದು ಢೋರರ ಕೆಲಸ, ಹೊಲಿಯುವುದು ಸಮಗಾರರದು. ಎರಡೂ ಓಣಿ ಹತ್ತಿರ ಇರಬೇಕು. ತೊಗಲನ್ನು ಮೊದಲು ಸುಣ್ಣದ ನೀರಿಗೆ ಹಾಕಬೇಕು, ಕೂದಲು ಬಿಡಬೇಕು. ಆಮೇಲೆ ತಂಗಡಿ ಚಕ್ಕೆ, ಜಾಲಿ ಚಕ್ಕೆಯ ನೀರು, ಅಳಲೆಕಾಯಿ. ತೊಗಲನ್ನೇ ಚೀಲದಂತೆ ಹೊಲಿದು ಒಳಗೆ ಆ ನೀರು ತುಂಬಿ ತೂಗು ಹಾಕುತ್ತಾರೆ. ಇದಕ್ಕೆಲ್ಲ ನೀರು ಬೇಕು, ಆ ನೀರು ಊರು ಕುಡಿಯುವ ನೀರಿಗೆ ಸೇರಬಾರದು, ವಾಸನೆ ಅರಮನೆ ಕಡೆ ಹೋಗಬಾರದು. "ಹಂಗಾದ್ರ ನಮ್ಮವರ ಓಣಿ ಆ ತಗ್ಗಿನ ಕಡೆ ಇರಬೇಕು ನೋಡ್ರಿ" ಅಂತ ಕೈ ಮಾಡಿ ತೋರಿಸಿದ. "ರಾಜಾನ ಊರು ಅಂತೀರಿ. ಕುದರಿಗಿ ತಡಿ ಬೇಕು, ಸಿಪಾಯಿಗಿ ಢಾಲು ಬೇಕು, ನಗಾರಿಗಿ ತೊಗಲು ಬೇಕು, ಬಾವಿಗಿ ನೀರೆತ್ತೋ ಬಾನಿ ಬೇಕು. ಒಬ್ಬ ಹರಳಯ್ಯ ಸಾಲ್ತಾನೇನು? ನೂರು ಮನಿ ಇರಬೇಕು."

ನಾನು ಚಾಲುಕ್ಯರ ಸೈನ್ಯ, ವ್ಯಾಪಾರ, ನೀರಾವರಿ ಎಲ್ಲ ಪಾಠ ಮಾಡಿದ್ದೇನೆ. ರಾಜಧಾನಿಗೆ ತೊಗಲು ಎಷ್ಟು ಬೇಕು, ಅದನ್ನು ಹದ ಮಾಡಿದವರು ಎಲ್ಲಿದ್ದರು ಅಂತ ಯಾವ ಪುಸ್ತಕದಲ್ಲೂ ಹುಡುಕಿರಲಿಲ್ಲ. ಮುತ್ಯಾ ತೋರಿಸಿದ ತಗ್ಗಿನಲ್ಲಿ ಈಗ ಮನೆಗಳಿವೆ. ಅಗೆದು ನೋಡಿದವರಿಲ್ಲ. ಅವನ ಊಹೆ ತಪ್ಪೂ ಇರಬಹುದು. ಆದರೆ ಪುರಾತತ್ವದವರು ಮುಂದೆ ಎಂದಾದರೂ ಗುದ್ದಲಿ ಹಿಡಿದು ಬಂದರೆ ಸುಣ್ಣದ ಗುಂಡಿ ಹುಡುಕಬೇಕು ಅನ್ನುವುದಾದರೂ ಈಗ ನಮ್ಮ ಇಪ್ಪತ್ತೆರಡು ಹುಡುಗರಿಗೆ ಗೊತ್ತು.

ಊಟಕ್ಕೆ ಕೂತಾಗ ಆ ಹುಡುಗಿ ತನ್ನ ಪ್ರಶ್ನೆಯನ್ನು ಮುತ್ಯಾನಿಗೆ ಹಾಕಿದಳು. ಮಧುವರಸನ ಮಗಳಿಗೆ ಏನಾಯಿತು?

ಮುತ್ಯಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. "ಏನಾಗ್ತದವ್ವ? ನಮ್ಮ ಮನ್ಯಾಗೇ ಉಳದಿರ್ತಾಳ. ಅವರ ಮನಿಯವರು ತಿರುಗಿ ಕರಕೋತಾರೇನು? ನಮ್ಮವರ ಜೋಡಿ ಓಡಿ ಹೋಗಿರ್ತಾಳ, ಎಲ್ಲೋ ಒಂದೂರಾಗ ತಂಗಡಿ ಚಕ್ಕಿ ಕುಟ್ಟಿರ್ತಾಳ, ಮಕ್ಕಳು ಹಡದಿರ್ತಾಳ" ಅಂದ. ಆಮೇಲೆ, ಖಾರಬ್ಯಾಳಿ ಇನ್ನಷ್ಟು ಇದ್ದರೆ ಹಾಕು ಅಂತ ತಾಟು ಮುಂದೆ ಮಾಡಿದ.